ಗೆಳೆಯನಿಗೊಂದು ಪತ್ರ: ನನ್ನ ಬೆನ್ನನ್ನು ಒಮ್ಮೆ ನೋಡ್ತೀಯಾ?

ಪ್ರೀತಿಯ ಕ್ಯಾಪ್ಟನ್,

ನೀನು ಹಸು, ಎಮ್ಮೆ, ನಾಯಿಗಳ ಡಾಕ್ಟರು. ಗೊತ್ತು. ಆದರೂ ಕೇಳುತ್ತಿದ್ದೇನೆ. ಚರ್ಮ ಅಂದರೆ ಚರ್ಮವೇ ಅಲ್ವಾ?

ನನ್ನ ಬೆನ್ನ ಮೇಲೆ, ಎಡ ಹೆಗಲಿನ ಸ್ವಲ್ಪ ಕೆಳಗೆ, ಏನೋ ಒಂದು ಬೆಳೆಯುತ್ತಿದೆ. ನೋವಿಲ್ಲ. ತುರಿಕೆ ಅಷ್ಟಕ್ಕಷ್ಟೆ. ಮೊದಲು ಬೆರಳಿಗೆ ಸಿಕ್ಕಿಯೂ ಸಿಗದ ಹಾಗಿತ್ತು. ಈಗ ಮೈ ಒರೆಸುವಾಗ ಟವೆಲಿಗೆ ತಾಗುತ್ತದೆ. ಮೊನ್ನೆ ಅಂಗಿಗೆ ರಕ್ತದ ಸಣ್ಣ ಕಲೆ ಅಂಟಿತ್ತು.

ಇದನ್ನು ಫೋನ್ ಮಾಡಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನ್ ಮಾಡಿದರೆ ನೀನು ಮೊದಲು ನಗುತ್ತೀಯ, ಆಮೇಲೆ ಬೈಯುತ್ತೀಯ, ಆಮೇಲೆ ಛತ್ರಿ ವಿಷಯ ಎತ್ತುತ್ತೀಯ. ನಾಲ್ಕು ಜನರ ಮುಂದೆ ಬರೆದರೆ ಸ್ವಲ್ಪ ಮರ್ಯಾದೆಯಿಂದ ಉತ್ತರ ಕೊಡುತ್ತೀಯ ಅನ್ನೋ ಆಸೆ. ಓದುತ್ತಿರುವ ಉಳಿದವರು ದಯವಿಟ್ಟು ಛತ್ರಿ ವಿಷಯ ಕೇಳಬೇಡಿ. ಬೆನ್ನಿನ ಫೋಟೊ ಕೂಡ ಕೇಳಬೇಡಿ.

ಈಗ ನಾನು ಅರ್ಧ ಚರ್ಮದ ಡಾಕ್ಟರು ಕಣೋ. ರಾತ್ರಿ ನಿದ್ದೆ ಬಾರದಾಗ ಓದಿಯೇ ಓದುತ್ತೇನೆ. ಬೆಳಿಗ್ಗೆ ಎದ್ದಾಗ ಅದು ಸೆಬೊರಿಕ್ ಕೆರಟೋಸಿಸ್ ಆಗಿರುತ್ತದೆ. ವಯಸ್ಸಾಗುತ್ತಾ ಬಂದ ಹಾಗೆ ಬೆನ್ನು, ಎದೆ, ಮುಖದ ಮೇಲೆಲ್ಲ ಬರುವ ಕಂದು ಗಂಟು. ಮೇಲೆ ತಂದು ಅಂಟಿಸಿದ ಹಾಗೆ ಕಾಣುತ್ತದಂತೆ, ಅಪಾಯವಿಲ್ಲ. ಮಧ್ಯಾಹ್ನದ ಹೊತ್ತಿಗೆ ನರಹುಲಿ. ಸಂಜೆಗೆ ಬೇಸಲ್ ಸೆಲ್ ಕಾರ್ಸಿನೋಮಾ, ಅಂದರೆ ಕ್ಯಾನ್ಸರೇ, ಆದರೆ ನಿಧಾನವಾಗಿ ಬೆಳೆಯುತ್ತದೆ, ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ದೀಪ ಆರಿಸಿದ ಮೇಲೆ ಮಾತ್ರ ಮೆಲನೋಮಾ, ಅಂದರೆ ಬೇರೆ ಅಂಗಗಳಿಗೂ ಹರಡಬಲ್ಲ, ಅಪಾಯದ ಚರ್ಮದ ಕ್ಯಾನ್ಸರ್.

ನಮ್ಮಂಥ ಕಪ್ಪು ಚರ್ಮದವರಿಗೆ ಮೆಲನೋಮಾ ಬರಲ್ಲ ಬಿಡು ಅಂದುಕೊಳ್ಳುವ ಹಾಗೂ ಇಲ್ಲ. ಕಡಿಮೆ, ನಿಜ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಹಾಡುಗಾರ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನ ಕೆಳಗೆ ಬಂದಿತ್ತು. ಫುಟ್‌ಬಾಲ್ ಆಡುವಾಗ ಆದ ಗಾಯ ಅಂದುಕೊಂಡಿದ್ದರು. 1977ರಲ್ಲಿ ಗೊತ್ತಾಯಿತು, 1981ರಲ್ಲಿ ಹೋದರು. ಆಗ ಅವರಿಗೆ 36 ವರ್ಷ. ಇದನ್ನು ಓದಿದ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಅಂಗಾಲನ್ನೂ ನೋಡಿಕೊಂಡೆ. ಕೊಳೆ ಇತ್ತು, ಅಷ್ಟೆ.

ಮೆಲನೋಮಾ ಹೌದೋ ಅಲ್ಲವೋ ಅಂತ ಅನುಮಾನ ಪಡಲು ಎ, ಬಿ, ಸಿ, ಡಿ ಅಂತ ಒಂದು ಸೂತ್ರ ಇದೆ. 1985ರಲ್ಲಿ ನ್ಯೂಯಾರ್ಕಿನ ಡಾಕ್ಟರುಗಳು ಮಾಡಿದ್ದು. ಎರಡು ಅರ್ಧಗಳು ಒಂದೇ ಥರ ಇವೆಯಾ, ಅಂಚು ಸಮನಾಗಿದೆಯಾ, ಬಣ್ಣ ಒಂದೇ ಇದೆಯಾ, ಅಗಲ 6 ಮಿಲಿಮೀಟರ್ ದಾಟಿದೆಯಾ. 6 ಮಿಲಿಮೀಟರ್ ಅಂದರೆ ಪೆನ್ಸಿಲ್ ಹಿಂದಿನ ರಬ್ಬರಿನಷ್ಟು. ಅಳೆಯೋಣ ಅಂತ ಒಂದು ಕೈಯಲ್ಲಿ ಸ್ಕೇಲು, ಇನ್ನೊಂದರಲ್ಲಿ ಮೊಬೈಲು ಹಿಡಿದು, ಕನ್ನಡಿಗೆ ಬೆನ್ನು ಕೊಟ್ಟು ನಿಂತೆ. ಸ್ಕೇಲು ಬೆನ್ನಿಗೆ ತಲುಪಲಿಲ್ಲ, ಕುತ್ತಿಗೆ ಹಿಡಿದುಕೊಂಡಿತು. ಫೋಟೊದಲ್ಲಿ ಬಂದದ್ದು ಬಹುತೇಕ ನನ್ನ ಮೊಣಕೈ.

ಆದರೂ ಹೇಗೋ ನಾಲ್ಕು ಅಕ್ಷರ ಮುಗಿಸಿದೆ. 2004ರಲ್ಲಿ ಇ ಅಂತ ಇನ್ನೊಂದು ಸೇರಿಸಿದ್ದಾರೆ. ಅದೇ ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತದೆ. ಬದಲಾಗುತ್ತಿದೆಯಾ? ಇಷ್ಟೇ ಪ್ರಶ್ನೆ. ನಾನು ಅಲ್ಲೇ ಸಿಕ್ಕಿಬಿದ್ದೆ. ಬೆರಳು ಬೆಳೆದಿದೆ ಅನ್ನುತ್ತದೆ, ಸರಿ. ಆದರೆ ಬಣ್ಣ ಮೊದಲು ಹೇಗಿತ್ತು? ಆಕಾರ ಹೇಗಿತ್ತು? ಹುಟ್ಟಿದಾಗಿನಿಂದ ಅಲ್ಲೊಂದು ಮಚ್ಚೆ ಇತ್ತಾ, ಹೊಸದಾ? ಮೊಬೈಲಿನಲ್ಲಿ ಸಾವಿರಾರು ಫೋಟೊ ಇವೆ, ಬೆನ್ನಿನದ್ದು ಒಂದೂ ಇಲ್ಲ.

ಬೆನ್ನಿನ ವಿಷಯಕ್ಕೆ ಬೇರೆಯವರ ಕಣ್ಣೇ ಬೇಕು ಮಾರಾಯ. ಅಂಗಿ ಬದಲಾಯಿಸುವಾಗ "ಇದೇನಿದು ಇಲ್ಲಿ?" ಅಂತ ಕೇಳೋರು ಬೇಕು. ಅಂಥವರು ಮನೆಯಲ್ಲಿದ್ದರು, ಈಗ ಇಲ್ಲ. ಅದು ನಿನಗೆ ಗೊತ್ತಿರೋದೇ. ಗೊತ್ತಿಲ್ಲದ್ದು ಏನಂದರೆ, ಮೊನ್ನೆ ರಾತ್ರಿ ಅವಳಿಗೊಂದು ಮೆಸೇಜ್ ಟೈಪ್ ಮಾಡಿದ್ದೆ. "ನನ್ನ ಬೆನ್ನ ಮೇಲೆ ಎಡಗಡೆ ಮಚ್ಚೆ ಇದ್ದದ್ದು ನೆನಪಿದೆಯಾ?" ಕಳಿಸುವ ಮುಂಚೆ ಒಮ್ಮೆ ಓದಿದೆ. ಕಾಯಿಲೆ ಬಗ್ಗೆ ಕೇಳಿದ ಹಾಗೆ ಇರಲೇ ಇಲ್ಲ. ಅಳಿಸಿದೆ. ಆಮೇಲೆ ತುಂಬಾ ಹೊತ್ತು ಮಲಗಲಿಲ್ಲ. ಅವತ್ತು ಹೆದರಿಸಿದ್ದು ಮೆಲನೋಮಾ ಅಲ್ಲ. ನನ್ನ ಬೆನ್ನು ಹೇಗಿತ್ತು ಅಂತ ಹೇಳಬಲ್ಲವರು ಒಬ್ಬರೇ, ಅವರನ್ನು ಕೇಳುವ ಹಾಗಿಲ್ಲ.

ಅಯ್ಯೋ. ಚರ್ಮದ ವಿಷಯ ಬರೆಯೋಣ ಅಂತ ಕೂತಿದ್ದು. ಇದನ್ನೂ ಅಳಿಸಬೇಕಿತ್ತು, ಆದರೆ ಒಂದೇ ವಾರದಲ್ಲಿ ಎಷ್ಟು ಅಂತ ಅಳಿಸೋದು. ನೀವ್ಯಾರೂ ಮೇಲಿನದ್ದನ್ನು ಓದಿಲ್ಲ ಅಂದುಕೊಳ್ಳಿ. ಇನ್ನು, ಅದು ಹಚ್ಚಿ ಇದು ಹಚ್ಚಿ ಅಂತ ಹೇಳಲು ಕಾಯುತ್ತಿರುವವರಿಗೆ: ಏನೂ ಹಚ್ಚಲ್ಲ. ಮೇಲಿನದ್ದು ಸುಟ್ಟುಹೋಗಿ ಒಳಗಿನದ್ದು ಉಳಿದರೆ, ಪರೀಕ್ಷೆ ಮಾಡುವವರಿಗೆ ಏನು ಸಿಗುತ್ತದೆ?

ನಿನ್ನ ಸಲಹೆ ಏನಿರುತ್ತದೆ ಅಂತ ಗೊತ್ತು. "ಓದಿದ್ದು ಸಾಕು, ತೋರಿಸು." ಸರಿ. ಚರ್ಮದ ಡಾಕ್ಟರು ಮೊದಲು ಡರ್ಮಟೋಸ್ಕೋಪ್ ಅನ್ನೋ ದೀಪ ಇರುವ ಭೂತಗನ್ನಡಿ ಇಟ್ಟು ನೋಡುತ್ತಾರಂತೆ. ಅನುಮಾನ ಬಂದರೆ ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕಣ್ಣಿಗೆ ಕಂಡದ್ದನ್ನು ಖಾತ್ರಿ ಮಾಡೋದು ಆ ಚೂರೇ. ನಾನು ರಾತ್ರಿಯಿಡೀ ಓದಿದ್ದಕ್ಕೆ ಅಲ್ಲಿ ಯಾವ ಬೆಲೆಯೂ ಇಲ್ಲ. ಸೂಜಿ ನೋಡಿ ನಾನು ಏನು ಮಾಡುತ್ತೇನೆ ಅನ್ನೋದಕ್ಕೆ ನೀನೇ ಸಾಕ್ಷಿ, ಅದನ್ನೂ ಇಲ್ಲಿ ಬಿಡಿಸಿ ಹೇಳಬೇಡ.

ಹಾಗಾಗಿ ಗುರುವಾರ ಬೆಳಿಗ್ಗೆಗೆ ಹೆಸರು ಬರೆಸಿದ್ದೇನೆ. ಬಿಡುವು ಮಾಡಿಕೊಂಡು ಬಾ. ಫಾರಂನಲ್ಲಿ ಜೊತೆಗೆ ಬರುವವರ ಹೆಸರು ಕೇಳಿದ್ದರು, ನಿನ್ನದು ಹಾಕಿದೆ. ರೋಗಿಗೆ ಏನಾಗಬೇಕು ಅಂತ ಇನ್ನೊಂದು ಖಾಲಿ ಜಾಗ ಇತ್ತು. ಸ್ವಲ್ಪ ಯೋಚಿಸಿ, ಪಶುವೈದ್ಯರು ಅಂತ ಬರೆದಿದ್ದೇನೆ.

ನಿನ್ನ,
ಲೆಫ್ಟ್ ಔಟ್