ಸಂಜೆಯ ಪಾಳಿ ಹಂಚಿಕೊಂಡವರಿಗೆ

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಮಾವನವರ ನೆನಪಿನ ಕೃತಜ್ಞತಾ ಪ್ರಾರ್ಥನೆಗಾಗಿ ಉಳಿದುಕೊಂಡವರಿಗೆ, ಮನೆಯವರೆಗೂ ಬಂದು ಮಾತನಾಡಿಸಿದವರಿಗೆ, ಊರಲ್ಲಿಲ್ಲದೆ ಫೋನಿನಲ್ಲೇ ನಮ್ಮೊಡನೆ ಪ್ರಾರ್ಥಿಸಿದವರಿಗೆ ನಮ್ಮ ಕುಟುಂಬದ ಪರವಾಗಿ ಹೃತ್ಪೂರ್ವಕ ವಂದನೆಗಳು. ಅಂದು ಅನೇಕರು ನನ್ನ ತಾಳ್ಮೆಯನ್ನು ಹೊಗಳಿದರು. ಇಷ್ಟು ವರ್ಷ ಒಂದು ಬಿರುಸು ಮಾತಿಲ್ಲದೆ ಮಾವನವರನ್ನು ನೋಡಿಕೊಂಡ ಸೊಸೆ ಎಂದು ಹಿರಿಯರೊಬ್ಬರು ಎಲ್ಲರೆದುರು ಹೇಳಿದಾಗ ನಾನು ತಲೆತಗ್ಗಿಸಿ ನಿಂತಿದ್ದೆ. ವಿನಯದಿಂದ ಹಾಗೆ ನಿಂತೆನೆಂದು ಕೆಲವರು ತಿಳಿದಿರಬಹುದು. ನಿಜವೇನೆಂದರೆ ಆ ಹೊಗಳಿಕೆ ಸಲ್ಲಬೇಕಾದವರು ಅದೇ ಗುಡಿಯ ಬೆಂಚುಗಳಲ್ಲಿ ನನ್ನ ಹಿಂದೆಯೇ ಕುಳಿತಿದ್ದರು. ಅವರೆಲ್ಲರಿಗೆ ಅಲ್ಲಿಯೇ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾವನವರು ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ, ಮಗ್ಗದ ಸದ್ದಿನ ನಡುವೆ ಹುಟ್ಟಿ ಬೆಳೆದವರು. ಧಾರವಾಡಕ್ಕೆ ಬಂದು ಮಾಸ್ತರಿಕೆ ಮಾಡಿ ನಿವೃತ್ತರಾದರು. ಭಾನುವಾರದ ಶಾಲೆಯಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಬೈಬಲಿನ ಕೀರ್ತನೆಗಳನ್ನು ಬಾಯಿಪಾಠ ಮಾಡಿಸಿದರು. ಅವರಿಗೆ ಮರೆವು ಬಂದದ್ದು ನಮಗೆ ತಡವಾಗಿ ತಿಳಿಯಿತು. ಪಿಂಚಣಿಯ ಲೆಕ್ಕ ತಪ್ಪುವುದು, ಕಿರಾಣಿ ಅಂಗಡಿಗೆ ಹೋದವರು ದಾರಿ ಕೇಳಿಕೊಂಡು ಮರಳುವುದು, ಇವೆಲ್ಲ ವಯಸ್ಸಿನ ಸಹಜ ಲಕ್ಷಣಗಳೆಂದೇ ಭಾವಿಸಿದ್ದೆವು. ಇಲ್ಲಿಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ನ ವೈದ್ಯರು ಪರೀಕ್ಷೆಗಳನ್ನು ಮಾಡಿಸಿ ಇದು ಅಲ್ಝೈಮರ್ ಕಾಯಿಲೆಯೆಂದೂ, ಪೂರ್ತಿ ವಾಸಿಮಾಡುವ ಔಷಧಿ ಇಲ್ಲವೆಂದೂ, ಗುಳಿಗೆಗಳಿಂದ ಸ್ವಲ್ಪ ಕಾಲ ಅನುಕೂಲವಾಗಬಹುದೆಂದೂ ತಿಳಿಸಿದರು. ನಮ್ಮ ಊರಿನಲ್ಲಿಯೇ ಅಂಥ ದವಾಖಾನೆ ಇದ್ದದ್ದು ನಮ್ಮ ಭಾಗ್ಯ; ದೂರದ ಹಳ್ಳಿಗಳಿಂದ ನಸುಕಿನಲ್ಲೇ ಬಸ್ಸು ಹಿಡಿದು ಬಂದು ಅಲ್ಲಿ ಸಾಲಿನಲ್ಲಿ ಕುಳಿತಿರುತ್ತಿದ್ದ ಕುಟುಂಬಗಳನ್ನು ಕಂಡಾಗಲೆಲ್ಲ ಹಾಗೆ ಅನ್ನಿಸುತ್ತಿತ್ತು.

ಹಗಲು ಹೇಗೋ ಕಳೆಯುತ್ತಿತ್ತು. ಕಷ್ಟವಿದ್ದದ್ದು ಸಂಜೆಯಲ್ಲಿ. ದೀಪ ಹಚ್ಚುವ ಹೊತ್ತಾಯಿತೆಂದರೆ ಮಾವನವರು ಎದ್ದು ಬೂಟು ಹಾಕಿಕೊಂಡು, ಕೈಚೀಲದಲ್ಲಿ ಒಂದು ಟವೆಲ್ಲನ್ನೂ ಬೈಬಲನ್ನೂ ಇಟ್ಟುಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದರು. ‘ಗದಗಿನ ಗಾಡಿ ಹೊತ್ತಾತು, ನಡೀ, ಮನಿಗೆ ಹೋಗೂಣು.’ ಇದೇ ನಿಮ್ಮ ಮನೆ ಎಂದರೆ ನಂಬುತ್ತಿರಲಿಲ್ಲ. ಬಾಗಿಲಿಗೆ ಚಿಲಕ ಹಾಕಿದರೆ ಕೂಗಾಡುತ್ತಿದ್ದರು. ಶಾಲೆಯಿಂದ ಬಂದು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನನ್ನ ಬಳಿಗೆ ಮತ್ತೆ ಮತ್ತೆ ಬಂದು ಅದೇ ಮಾತು. ಕೆಲವು ದಿನ ನನ್ನನ್ನು ಗುರುತಿಸದೆ, ‘ಯಾರ ನೀನು? ನನ್ನ ರೊಕ್ಕ ಎಲ್ಲಿ ಇಟ್ಟಿ?’ ಎಂದು ಗದರಿಸುತ್ತಿದ್ದರು. ನನ್ನ ಮದುವೆಯಾದಂದಿನಿಂದ ಒಮ್ಮೆಯೂ ಏಕವಚನದಲ್ಲಿ ಸಿಡುಕಿ ಮಾತನಾಡದಿದ್ದವರು ಹೀಗೆ ಕೇಳಿದಾಗ ಗಂಟಲವರೆಗೆ ಬರುತ್ತಿದ್ದ ಉತ್ತರ ಎಂಥದ್ದಿರುತ್ತಿತ್ತು ಎಂಬುದನ್ನು, ಇಂಥ ಮನೆಯಲ್ಲಿ ಬಾಳಿದವರಿಗೆ ನಾನು ವಿವರಿಸಬೇಕಾಗಿಲ್ಲ.

ಬೈಬಲಿನಲ್ಲಿ, ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ, ಅಪೊಸ್ತಲನಾದ ಪೌಲನು ಪವಿತ್ರಾತ್ಮನ ಫಲವನ್ನು ಹೇಳುವಾಗ ಪ್ರೀತಿಯಿಂದ ಆರಂಭಿಸಿ ಶಮೆದಮೆಯಲ್ಲಿ, ಅಂದರೆ ತನ್ನನ್ನು ತಾನು ಹತೋಟಿಯಲ್ಲಿಟ್ಟುಕೊಳ್ಳುವುದರಲ್ಲಿ, ಮುಗಿಸುತ್ತಾನೆ. ಚಿಕ್ಕಂದಿನಿಂದ ಇದನ್ನು ಒಪ್ಪಿಸಿದವಳು ನಾನು. ಆದರೆ ನಮ್ಮ ಸಭೆಗಳಲ್ಲಿ ದಮೆಯೆಂದರೆ ಹೆಚ್ಚಾಗಿ ಕುಡಿತ, ಜೂಜು, ದುಂದುಗಾರಿಕೆ ಇವುಗಳಿಂದ ದೂರವಿರುವುದು ಎಂಬ ಭಾವನೆಯಿದೆ. 1837ರಲ್ಲಿ ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ ಬಂದಾಗಿನಿಂದ ನಮ್ಮ ಹಿರಿಯರು ಈ ಶಿಸ್ತನ್ನು ಬಿಗಿಯಾಗಿ ಪಾಲಿಸಿದರು, ಅದಕ್ಕಾಗಿ ಅವರಿಗೆ ನಾವು ಋಣಿಗಳೇ. ಆದರೂ ಕುಡಿಯದವರ ಮನೆಯಲ್ಲಿ, ದಿನವೂ ಪ್ರಾರ್ಥನೆ ನಡೆಯುವ ಮನೆಯಲ್ಲಿ, ಮುಪ್ಪಾದವರ ಮೇಲೆ ಹರಿಯುವ ನಾಲಿಗೆಯ ವಿಷಯವನ್ನು ನಾವು ಬೋಧಪೀಠದಿಂದ ಎಷ್ಟು ಸಾರಿ ಕೇಳಿದ್ದೇವೆ? ಯಾಕೋಬನ ಪತ್ರಿಕೆಯ ಮೂರನೆಯ ಅಧ್ಯಾಯವು ನಾಲಿಗೆಯನ್ನೇ ಕುರಿತದ್ದು. ಕುದುರೆಯ ಬಾಯಿಗೆ ಕಡಿವಾಣ, ದೊಡ್ಡ ಹಡಗಿಗೆ ಸಣ್ಣ ಚುಕ್ಕಾಣಿ, ಕಾಡನ್ನೇ ಸುಡುವ ಕಿಡಿ ಎಂದು ಆತನು ಒಂದರ ಮೇಲೊಂದು ಹೇಳುವುದನ್ನು ನಾನು ಮನಸ್ಸಿಟ್ಟು ಓದಿದ್ದು ಈ ಕಾಯಿಲೆಯ ದಿನಗಳಲ್ಲಿಯೇ.

ಮೊದಲ ಕೃತಜ್ಞತೆ ನಮ್ಮ ಸಭಾಪಾಲಕರಿಗೆ. ಅವರು ನನಗೆ ತಾಳಿಕೋ ಎಂದು ಬರಿಯ ಉಪದೇಶ ಮಾಡಲಿಲ್ಲ. ಪೇತ್ರನ ಎರಡನೆಯ ಪತ್ರಿಕೆಯ ಮೊದಲ ಅಧ್ಯಾಯವನ್ನು ತೆರೆದು, ನಂಬಿಕೆಗೆ ಸದ್ಗುಣವನ್ನು, ಸದ್ಗುಣಕ್ಕೆ ಜ್ಞಾನವನ್ನು, ಜ್ಞಾನಕ್ಕೆ ದಮೆಯನ್ನು, ದಮೆಗೆ ತಾಳ್ಮೆಯನ್ನು ಕೂಡಿಸಿರಿ ಎಂಬ ಸಾಲಿನಲ್ಲಿ ಬೆರಳಿಟ್ಟು, ಜ್ಞಾನ ಮೊದಲು ಬಂದಿದೆ ನೋಡಿರಿ, ಆದ್ದರಿಂದ ನೀವು ಮೊದಲು ವೈದ್ಯರ ಬಳಿ ಕುಳಿತು ಈ ಕಾಯಿಲೆಯೇನೆಂದು ಪೂರ್ತಿಯಾಗಿ ಕೇಳಿಕೊಂಡು ಬನ್ನಿರಿ ಎಂದರು. ಇದು ಎಂಥ ದೊಡ್ಡ ಸಹಾಯವಾಯಿತೆಂದರೆ, ನಂತರದ ಎಲ್ಲ ಸಂಜೆಗಳೂ ಅದರ ಮೇಲೆ ನಿಂತವು. ಕೇಳಿದ್ದನ್ನೇ ಮತ್ತೆ ಕೇಳುವವರು ಹಟದಿಂದ ಕೇಳುವುದಿಲ್ಲ, ಹಿಂದೆ ಕೇಳಿದ್ದೇ ಅವರ ನೆನಪಿನಲ್ಲಿ ಉಳಿದಿರುವುದಿಲ್ಲ. ಹೊಸ ನೆನಪುಗಳು ಮೊದಲು ಅಳಿಸಿ ಹೋಗಿ ಬಾಲ್ಯದ ನೆನಪುಗಳು ಬಹುಕಾಲ ಉಳಿಯುವುದರಿಂದ ಅವರಿಗೆ ಮನೆಯೆಂದರೆ ಬೆಟಗೇರಿಯೇ. ಬೆಳಕು ಇಳಿಯುವ ಹೊತ್ತಿಗೆ ಚಡಪಡಿಕೆ ಹೆಚ್ಚುವುದು ಈ ಕಾಯಿಲೆಯಲ್ಲಿ ಅನೇಕರಿಗೆ ಆಗುವಂಥದ್ದು. ಹಣ ಕದ್ದರೆಂಬ ಆರೋಪವೂ ಕಾಯಿಲೆಯದೇ ಮಾತು. ವೈದ್ಯರು ಇದನ್ನೆಲ್ಲ ಬಿಡಿಸಿ ಹೇಳಿ, ವಾದಿಸಬೇಡಿ, ಮಾತನ್ನು ಬೇರೆ ಕಡೆಗೆ ತಿರುಗಿಸಿ, ಸಂಜೆಗೆ ಮೊದಲೇ ದೀಪಗಳನ್ನೆಲ್ಲ ಹಾಕಿಬಿಡಿ, ಒಮ್ಮಿಂದೊಮ್ಮೆಲೆ ಗೊಂದಲ ಹೆಚ್ಚಾದರೆ ಮೂತ್ರದ ಸೋಂಕು ಇದೆಯೇ ಎಂದು ನೋಡಿಸಿ ಎಂದರು. ಕೊನೆಯ ಮಾತು ಮುಂದೊಮ್ಮೆ ನಿಜವೂ ಆಯಿತು: ರಾತ್ರಿಯಿಡೀ ಕೂಗಾಡಿದ ಅವರು ಸೋಂಕಿಗೆ ಔಷಧಿ ಬಿದ್ದ ಮೇಲೆ ಮೊದಲಿನಂತಾದರು. ತಿಳಿವಳಿಕೆ ಬಂದಾಗ ಸಿಟ್ಟು ಮಾಯವಾಗುತ್ತದೆಂದು ಹೇಳಲಾರೆ. ಅದು ಏಳುತ್ತಿತ್ತು, ಆದರೆ ಮಾವನವರ ಮೇಲೆ ಹರಿಯಲು ಅದಕ್ಕೆ ಕಾರಣ ಉಳಿದಿರಲಿಲ್ಲ.

ಇನ್ನು ನಮ್ಮ ಸ್ತ್ರೀಯರ ಸಂಘದ ಅತ್ಯಂತ ಹಿರಿಯ ಸದಸ್ಯೆ. ಅವರ ಹೆಸರು ಬರೆದರೆ ನನ್ನನ್ನು ಬೈಯುತ್ತಾರೆ, ಆದ್ದರಿಂದ ಬರೆಯುವುದಿಲ್ಲ. ತಮ್ಮ ಅತ್ತೆಯವರನ್ನು ಇದೇ ಸ್ಥಿತಿಯಲ್ಲಿ, ಈ ಕಾಯಿಲೆಗೆ ಹೆಸರಿದೆಯೆಂದೂ ಗೊತ್ತಿಲ್ಲದ ಕಾಲದಲ್ಲಿ ನೋಡಿಕೊಂಡವರು ಅವರು. ನಮ್ಮ ಅಡುಗೆಮನೆಯಲ್ಲಿ ಮಣೆಯ ಮೇಲೆ ಕುಳಿತು ಹೇಳಿದರು: ‘ಸಿಟ್ಟ ಬರಬಾರದು ಅಂತ ಬೇಡಿಕೋಬ್ಯಾಡವಾ. ಬಾಯಿಗೆ ಕಾವಲ ಇಡಪಾ ದೇವ್ರೇ ಅಂತ ಬೇಡಿಕೋ. ದಾವೀದ ಅರಸನೂ ಅಷ್ಟ ಬೇಡಿಕೊಂಡಾನ.’ ನೂರ ನಲವತ್ತೊಂದನೆಯ ಕೀರ್ತನೆಯ ಮಾತು ಅದು. ಉತ್ತರ ಕೊಡುವ ಮೊದಲು ಒಂದು ಕೀರ್ತನೆಯನ್ನು ಗಟ್ಟಿಯಾಗಿ ಹೇಳಬೇಕು, ಅಷ್ಟರಲ್ಲಿ ಆಡಬೇಕೆಂದಿದ್ದ ಮಾತು ಬೇಡವೆನ್ನಿಸುತ್ತದೆ ಎಂಬ ಉಪಾಯವನ್ನೂ ಅವರೇ ಕಲಿಸಿದರು. ನಾನು ಮಾಡಿ ನೋಡಿದೆ. ‘ಯೆಹೋವನು ನನಗೆ ಕುರುಬನು’ ಎಂದು ಆರಂಭಿಸಿದ್ದೇ ತಡ, ಬಾಗಿಲ ಬಳಿ ಬೂಟು ಹಾಕಿಕೊಂಡು ನಿಂತಿದ್ದ ಮಾವನವರು ಹಿಂತಿರುಗಿ ತಾವೂ ಹೇಳತೊಡಗಿದರು. ನಡುವೆ ನಾನೊಂದು ಮಾತು ಬಿಟ್ಟಾಗ ಕೈಯೆತ್ತಿ, ‘ತಪ್ಪಾತು, ಮೊದಲಿಂದ ಹೇಳು’ ಎಂದರು. ಮಗನ ಹೆಸರು ತಪ್ಪುತ್ತಿದ್ದವರಿಗೆ ಇಪ್ಪತ್ತಮೂರನೆಯ ಕೀರ್ತನೆಯ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಅಂದಿನಿಂದ ಗದಗಿನ ಗಾಡಿಯ ಹೊತ್ತಿಗೆ ನಾನು ವಿದ್ಯಾರ್ಥಿನಿ, ಅವರು ಮಾಸ್ತರರು. ಬೇಕೆಂದೇ ತಪ್ಪು ಹೇಳಿ ಅವರನ್ನು ಕುರ್ಚಿಯ ಮೇಲೆ ಕೂರಿಸಿದ ದಿನಗಳೂ ಉಂಟು.

ಆದರೆ ಕೀರ್ತನೆಯೊಂದರಿಂದಲೇ ವರ್ಷಗಟ್ಟಲೆ ನಡೆಯಿತೆಂದರೆ ಅದು ಸುಳ್ಳು. ಎಫೆಸದವರಿಗೆ ಬರೆಯುವಾಗ ಪೌಲನು, ಸೂರ್ಯನು ಮುಳುಗುವುದಕ್ಕಿಂತ ಮುಂಚೆ ನಿಮ್ಮ ಸಿಟ್ಟು ಮುಗಿಯಲಿ ಎನ್ನುತ್ತಾನೆ. ನಮ್ಮ ಮನೆಯಲ್ಲಿ ಸಿಟ್ಟು ಏಳುತ್ತಿದ್ದದ್ದೇ ಸೂರ್ಯನು ಮುಳುಗುವಾಗ! ಇದನ್ನು ಸಂಘದ ಕೂಟದಲ್ಲಿ ನಾನು ಅರ್ಧ ನಗುತ್ತಾ, ಅರ್ಧ ಅಳುತ್ತಾ ಹೇಳಿಬಿಟ್ಟೆ. ಮುಂದಿನ ವಾರದಿಂದಲೇ ಅಕ್ಕಂದಿರು ತಮ್ಮತಮ್ಮಲ್ಲಿ ಪಾಳಿ ಹಂಚಿಕೊಂಡರು. ದಿನಕ್ಕೊಬ್ಬರು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಬರುವರು. ಒಬ್ಬರು ಮಾವನವರ ಎದುರು ಕುಳಿತು ಬೆಟಗೇರಿಯ ಜರ್ಮನ್ ದವಾಖಾನೆ, ಅಲ್ಲಿಯ ಮಗ್ಗದ ಓಣಿ, ಸೀರೆಗಳ ಬಣ್ಣ ಎಂದು ಮಾತಿಗೆಳೆಯುವರು. ಇನ್ನೊಬ್ಬರು ನನ್ನ ಕೈಯಿಂದ ಹಿಟ್ಟು ಕಿತ್ತುಕೊಂಡು ತಾವೇ ರೊಟ್ಟಿ ಬಡಿದು, ನೀನು ಹೊರಗೆ ತಿರುಗಾಡಿ ಬಾ ಎಂದು ಅಟ್ಟುವರು. ಯುವಜನ ಸಂಘದ ಇಬ್ಬರು ಹುಡುಗರು ಮಾವನವರನ್ನು ಬೂಟು ಹಾಕಿಕೊಂಡಿದ್ದಂತೆಯೇ ಓಣಿಯ ತುದಿಯವರೆಗೆ ನಡೆಸಿಕೊಂಡು ಹೋಗಿ, ‘ಸರ್, ಗಾಡಿ ಇವತ್ತ ತಡ ಐತಂತ’ ಎಂದು ಹೇಳಿ ಮರಳಿ ಕರೆತರುತ್ತಿದ್ದರು. ಹೀಗೆ ಹೇಳುವುದು ಸುಳ್ಳಾಯಿತಲ್ಲವೇ ಎಂದು ಆ ಹುಡುಗರಲ್ಲೊಬ್ಬನು ಸಭಾಪಾಲಕರನ್ನು ಕೇಳಿದನಂತೆ. ಅವರು ಕೊಟ್ಟ ಉತ್ತರ ನನಗೆ ತಿಳಿಯದು, ಮರುದಿನವೂ ಗಾಡಿ ತಡವಾಗಿಯೇ ಬಂತು.

ಎದುರುಮನೆಯ ಅಕ್ಕಾರನ್ನು ಇಲ್ಲಿ ಪ್ರತ್ಯೇಕವಾಗಿ ನೆನೆಯಬೇಕು. ಅವರು ನಮ್ಮ ಸಭೆಯವರಲ್ಲ. ತಮ್ಮ ಲಿಂಗಪೂಜೆ ಮುಗಿಸಿಕೊಂಡು ಪ್ರತಿದಿನ ಮಾವನವರಿಗೆ ಮೆತ್ತಗೆ ಬೇಯಿಸಿದ ಹೆಸರುಬೇಳೆಯ ಕಿಚಡಿ ತಂದುಕೊಟ್ಟವರು, ನುಂಗುವುದು ಕಷ್ಟವಾದ ಕೊನೆಯ ತಿಂಗಳುಗಳಲ್ಲಿ ಚಮಚದಿಂದ ತುಸುತುಸುವೇ ಉಣ್ಣಿಸುವುದನ್ನು ನನಗಿಂತ ಚೆನ್ನಾಗಿ ಬಲ್ಲವರು. ನಾನು ಓಣಿಯಲ್ಲಿ ಇಲ್ಲದ ಹೊತ್ತಿನಲ್ಲಿ ಮಾವನವರು ಹೊರಬಿದ್ದರೆ ಮೂಲೆಯ ಆಟೋ ಸ್ಟ್ಯಾಂಡಿನವರು ಅವರನ್ನು ಹತ್ತಿಸಿಕೊಂಡು ಮನೆಗೆ ಬಿಟ್ಟು, ಬಾಡಿಗೆ ಕೊಡಲು ಹೋದರೆ ನಮಗೂ ಮಾಸ್ತರರೇ ಎಂದು ಹೇಳಿ ಹೋಗುತ್ತಿದ್ದರು. ಅವರಿಗೆಲ್ಲ ನಮ್ಮ ನಮಸ್ಕಾರಗಳು.

ಕಾಯಿಲೆಯ ಸುದ್ದಿ ಹರಡಿದ ಮೇಲೆ, ಇದು ನಂಬಿಕೆಯ ಕೊರತೆಯಿಂದ ಬಂದದ್ದು, ಗುಳಿಗೆಗಳನ್ನು ನಿಲ್ಲಿಸಿ ಉಪವಾಸ ಪ್ರಾರ್ಥನೆ ಮಾಡಿರಿ ಎಂದು ಹೇಳಲು ಬಂದವರೂ ಇದ್ದರು. ಅವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ರಾತ್ರಿಯೆಲ್ಲ ಎಚ್ಚರವಿದ್ದು ದಣಿದವರ ಮುಂದೆ ಆಡುವ ಮಾತು ಅದಲ್ಲ. ಉಪವಾಸವನ್ನು ನಾನೂ ಮಾಡಿದ್ದೇನೆ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ಉಪವಾಸದ ದಿನಗಳಲ್ಲಿ ಒಂದು ಹೊತ್ತಿನ ಊಟ ಬಿಡುವುದು ನಮ್ಮ ಮನೆಯ ರೂಢಿ, ಬೇಕೆಂದಾಗಲೆಲ್ಲ ಬೇಕಾದದ್ದು ಸಿಗಲೇಬೇಕೆಂಬ ಹಟವನ್ನು ಅದು ಸಡಿಲಿಸುತ್ತದೆ. ಗುಳಿಗೆ ಮಾತ್ರ ಒಂದು ದಿನವೂ ತಪ್ಪಲಿಲ್ಲ, ಅದನ್ನು ಹೊತ್ತುಹೊತ್ತಿಗೆ ಕೊಡುವ ಕೆಲಸವನ್ನು ನನ್ನ ಮಗಳು ವಹಿಸಿಕೊಂಡಿದ್ದಳು. ನನ್ನ ಯಜಮಾನರು ರಾತ್ರಿಯ ಕೆಲಸವನ್ನೆಲ್ಲ, ತಂದೆಯ ಹಾಸಿಗೆ ಬದಲಿಸುವುದರಿಂದ ಹಿಡಿದು ಎಲ್ಲವನ್ನೂ, ನನಗೆ ಬಿಡದೆ ತಾವೇ ಮಾಡಿದರು. ಗಂಡಸರು ಇಂಥದ್ದಕ್ಕೆ ಕೈಹಾಕುವುದಿಲ್ಲವೆಂಬ ಮಾತು ನಮ್ಮ ಮನೆಯ ಮಟ್ಟಿಗೆ ಸುಳ್ಳಾಯಿತು.

ಅಪೊಸ್ತಲರ ಕೃತ್ಯಗಳಲ್ಲಿ ಒಂದು ಪ್ರಸಂಗವಿದೆ. ಸೆರೆಯಲ್ಲಿದ್ದ ಪೌಲನು ದೇಶಾಧಿಪತಿಯಾದ ಫೆಲಿಕ್ಸನ ಮುಂದೆ ನೀತಿಯನ್ನೂ ದಮೆಯನ್ನೂ ಬರಲಿರುವ ನ್ಯಾಯವಿಚಾರಣೆಯನ್ನೂ ಕುರಿತು ಮಾತನಾಡಿದಾಗ ಫೆಲಿಕ್ಸನು ಹೆದರಿ, ಈಗ ಹೋಗು, ಸಮಯ ಸಿಕ್ಕಾಗ ಕರೆಯಿಸುತ್ತೇನೆ ಎನ್ನುತ್ತಾನೆ. ಅಧಿಕಾರವೆಲ್ಲ ಅವನ ಕೈಯಲ್ಲಿತ್ತು, ಬೇಡಿ ಪೌಲನಿಗಿತ್ತು. ಆದರೂ ಅಂಜಿದವನು ಅಧಿಕಾರಿ. ನನಗೆ ಇದರಲ್ಲಿ ಕಾಣುವುದೇನೆಂದರೆ, ಫೆಲಿಕ್ಸನಿಗೆ ಆ ಮಾತು ಒಬ್ಬನೇ ಹೊರಬೇಕಾದ ಹೊರೆಯಾಗಿ ಕೇಳಿಸಿರಬೇಕು. ಒಂಟಿಯಾಗಿ ಹೊರಬೇಕಾಗಿದ್ದರೆ ನಾನೂ ಸಮಯ ಸಿಕ್ಕಾಗ ನೋಡೋಣವೆಂದೇ ಹೇಳುತ್ತಿದ್ದೆ. ಗಲಾತ್ಯದವರಿಗೆ ಬರೆದ ಅದೇ ಪತ್ರಿಕೆಯಲ್ಲಿ ಆತ್ಮನ ಫಲವನ್ನು ಹೇಳಿದ ಕೆಲವೇ ಸಾಲುಗಳಾಚೆ ಪೌಲನು, ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿರಿ ಎನ್ನುತ್ತಾನೆ. ನಡುವೆ ಅಧ್ಯಾಯದ ಅಂಕಿ ಬಂದಿರುವುದರಿಂದ ನಾವು ಅವೆರಡನ್ನು ಬೇರೆಬೇರೆ ಭಾನುವಾರಗಳಲ್ಲಿ ಓದುತ್ತೇವೆ. ಸಂಜೆಯ ಪಾಳಿಗೆ ಬಂದ ಅಕ್ಕಂದಿರು ಅವೆರಡನ್ನು ಕೂಡಿಸಿ ಓದಿದರು. ಪಾಳಿಯವರು ಬರುತ್ತಾರೆಂಬ ಭರವಸೆಯಿಂದ ನನ್ನ ಬಾಯಿಗೆ ಕಾವಲು ಬಿತ್ತು, ಪ್ರಾರ್ಥನೆಗೆ ದೇವರು ಕೊಟ್ಟ ಉತ್ತರವೂ ಬಹುಪಾಲು ಚಪ್ಪಲಿ ಕಳಚಿ ಒಳಗೆ ಬರುತ್ತಿದ್ದ ಅವರೇ ಆಗಿದ್ದರು. ನನ್ನಲ್ಲಿ ಸಂಯಮವೆಂದು ನೀವು ಕಂಡದ್ದು ಇದು.

ಮಾವನವರು ಹಾಸಿಗೆ ಹಿಡಿದ ಮೇಲೆ ಪಾಳಿಯನ್ನು ರಾತ್ರಿಗೂ ವಿಸ್ತರಿಸಿದವರು, ಮಗ್ಗುಲು ಬದಲಿಸುವುದನ್ನು ನಮಗೆ ಕಲಿಸಿಕೊಟ್ಟ ನರ್ಸ್ ಸಹೋದರಿ, ಮನೆಗೇ ಬಂದು ಪವಿತ್ರ ಸಂಸ್ಕಾರ ಕೊಟ್ಟ ಸಭಾಪಾಲಕರು, ಸಮಾಧಿಯ ದಿನ ಬೆಟಗೇರಿಯಿಂದ ಬಂದ ಬಂಧುಗಳ ಊಟವನ್ನು ನಮಗೆ ಹೇಳದೆಯೇ ನೋಡಿಕೊಂಡ ಯುವಜನರು, ಇವರೆಲ್ಲರ ಉಪಕಾರವನ್ನು ನಾವು ಮರೆಯುವುದಿಲ್ಲ.

ಗಾಲಿಕುರ್ಚಿ, ಗಾಳಿ ತುಂಬುವ ಹಾಸಿಗೆ, ಕಮೋಡ್ ಕುರ್ಚಿ ಈ ಮೂರೂ ತೊಳೆದು ಒಣಗಿಸಿ ನಮ್ಮ ಪಡಸಾಲೆಯಲ್ಲಿ ಇರಿಸಿದ್ದೇವೆ. ಯಾವ ಸಭೆಯವರಾಗಲಿ, ಯಾವ ಓಣಿಯವರಾಗಲಿ, ಬೇಕಾದವರು ಸಂಕೋಚಪಡದೆ ಬಂದು ಒಯ್ಯಬೇಕು, ಹಿಂತಿರುಗಿಸುವ ಅವಸರವಿಲ್ಲ. ಸ್ತ್ರೀಯರ ಸಂಘದ ಪಾಳಿ ಈಗ ಇನ್ನೊಂದು ಮನೆಯಲ್ಲಿ ಆರಂಭವಾಗಿದೆ. ಅಲ್ಲಿ ಮಂಗಳವಾರ ಮತ್ತು ಶುಕ್ರವಾರದ ಸಂಜೆಗಳನ್ನು ನಾನು ಕೇಳಿ ಪಡೆದುಕೊಂಡಿದ್ದೇನೆ. ಗುರುವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ, ಬರಬಲ್ಲವರು ಸಂಘದ ಕಾರ್ಯದರ್ಶಿಯವರಿಗೆ ತಿಳಿಸಬೇಕಾಗಿ ವಿನಂತಿ.