ಭಾನುವಾರದ ರೇಸ್: ನನ್ನ ಲೆಕ್ಕ

ಶನಿವಾರ ರಾತ್ರಿ ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತುವವರು ಇಲ್ಲಿ ಹೆಸರು ಹಾಕಿ. ಬೆಂಗಳೂರು ಸ್ಟೇಷನ್‌ನಿಂದ ರೇಸ್‌ಕೋರ್ಸ್‌ಗೆ ಆಟೋ ಸಾಕು.

ಈಗ ಕುದುರೆ ಮಾತು. ಮೂರನೇ ರೇಸ್ 1200 ಮೀಟರ್. ಎಲ್ಲರ ಕಣ್ಣು 1ನೇ ನಂಬರ್ ಮೇಲೆ. ಆದರೆ ಹೋದ ಸಲ ಗೆದ್ದಿದ್ದಕ್ಕೆ ಈ ಸಲ ಅದಕ್ಕೆ ಸವಾರನೂ ಸೇರಿ 60 ಕೆಜಿ ಹೊರಿಸಿದ್ದಾರೆ. 6ನೇ ನಂಬರ್‌ಗೆ ಬರೀ 53. ಮಳೆ ಬಿದ್ದು ನೆಲ ಮೆತ್ತಗಾದರೆ ಆ ಏಳು ಕೆಜಿ ಜಾಸ್ತಿಯೇ ಕಾಡುತ್ತೆ. ಕಾರ ಹುಣ್ಣಿಮೆಯ ಎತ್ತಿನ ಓಟ ನೋಡಿ ಬೆಳೆದವರಿಗೆ ಇದನ್ನ ಹೇಳಬೇಕಾ? ನನ್ನ ಆಯ್ಕೆ 6. ಐದನೇ ರೇಸ್‌ಗೆ 2, ಅದು ಸುಮ್ನೆ ಅಂದಾಜು.

ದುಡ್ಡು ಹಾಕುವ ಮುಂಚೆ ಪ್ಯಾಡಕ್‌ನಲ್ಲಿ, ಅಂದ್ರೆ ರೇಸ್‌ಗೆ ಮುಂಚೆ ಕುದುರೆಗಳನ್ನ ನಡೆಸಿ ತೋರಿಸುವ ಜಾಗದಲ್ಲಿ, ಕುದುರೆ ನೋಡಿ. ಹಿಂಗಾಲಿನ ಸಂದಿಯಲ್ಲಿ ಬಿಳಿ ನೊರೆ ಕಂಡರೆ ಅದು ಗಾಬರಿಯಾಗಿರಬಹುದು, ನನ್ನ ಮಾತು ಮರೆತುಬಿಡಿ. ಫೋನಿನಲ್ಲಿ ಆಡಿಸುವ ಬುಕ್ಕಿಗಳ ಸಹವಾಸ ಬೇಡ, ಟಿಕೆಟ್ ಕೌಂಟರ್‌ನಲ್ಲೇ ತಗೊಳ್ಳಿ.