ಅಪ್ಪ ನಿನ್ನೆ ಗೂಡು ಮಾರಿ ಬಂದರು

ನಿನ್ನೆ ಅಪ್ಪ ತಾವೇ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ ರೇಷ್ಮೆ ಗೂಡು ಹಾಕಿ ಬಂದರು. ರೇಟು ಅಷ್ಟಕ್ಕಷ್ಟೇ. ಮನೆಗೆ ಬಂದು ಟೀ ಕುಡಿಯುತ್ತಾ, ಗೂಡು ಕೊಂಡು ನೂಲು ತೆಗೆಯುವ ರೀಲರುಗಳನ್ನು ಬೈದರು. ಆ ಬೈಗುಳ ಕೇಳಿ ಅಮ್ಮ ಒಳಗೆ ಹೋಗಿ ಅತ್ತಳು. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಹದಿನೈದು ದಿನದ ಹಿಂದೆ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವುದಕ್ಕೆ ನಾವು ಹಾಗೇ ಅನ್ನೋದು) ಎದ್ದಿತ್ತು. ಅದೇ ಹೊತ್ತಿಗೆ ಅಪ್ಪನಿಗೂ ಜ್ವರ, ಉರಿಮೂತ್ರ. ಒಂದು ಕ್ಲಿನಿಕ್ಕಿನಲ್ಲಿ ಸಲ್ಫಾ ಅನ್ನೋ ಔಷಧಿ ಸೇರಿದ ಆಂಟಿಬಯೋಟಿಕ್ ಬರೆದುಕೊಟ್ಟರು. ಶುಗರ್‌ಗೆ ಏನು ತಗೋತೀರಿ ಅಂತ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಊಟ ಸೇರುತ್ತಿರಲಿಲ್ಲ. ಶುಗರ್ ಮಾತ್ರೆ ಮಾತ್ರ ಅಪ್ಪ ತಪ್ಪಿಸಲಿಲ್ಲ.

ಮೂರನೇ ದಿನ ಬೆಳಗಿನ ಜಾವ ಸೊಪ್ಪು ಹಾಕೋಕೆ ಎಬ್ಬಿಸಲು ಹೋದರೆ ಬನಿಯನ್ ಹಿಂಡುವಷ್ಟು ಒದ್ದೆ. ಕಣ್ಣು ಬಿಟ್ಟಿದ್ದಾರೆ, ನನ್ನ ಗುರುತಿಲ್ಲ. ಲಕ್ವ ಹೊಡೆದಿದೆ ಅಂದುಕೊಂಡೆ. ಅಮ್ಮ ಸಕ್ಕರೆ ನೀರು ಹುಯ್ಯಲು ಹೋದಳು. ಶುಗರ್ ಇಳಿದಿದೆ ಅನ್ನೋ ಅವಳ ಊಹೆ ಸರಿಯೇ ಇತ್ತು. ಆದರೆ 108ರವರು ಫೋನಿನಲ್ಲೇ ತಡೆದರು: "ಎಚ್ಚರ ಸರಿಯಿಲ್ಲದವರ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತೆ. ಮಗ್ಗುಲಾಗಿ ಮಲಗಿಸಿ."

ಆಂಬುಲೆನ್ಸಿನ ಹುಡುಗ ಬೆರಳು ಚುಚ್ಚಿ ನೋಡಿದ. ಶುಗರ್ 31, ತೀರಾ ಕಮ್ಮಿ. ನನ್ನ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ನರ ಹುಡುಕಿ ಗ್ಲೂಕೋಸ್ ಕೊಟ್ಟ. ಸ್ವಲ್ಪ ಹೊತ್ತಿಗೆ ಅಪ್ಪ, "ಹುಳಕ್ಕೆ ಸೊಪ್ಪು ಹಾಕಿದ್ರಾ?" ಅಂದರು. ಸರಿಹೋಯ್ತಲ್ಲ, ಇನ್ನು ಆಸ್ಪತ್ರೆ ಯಾಕೆ ಅಂದೆ. ಅವನು ಬಗ್ಗಲಿಲ್ಲ. "ಮತ್ತೆ ಇಳಿಯಬಹುದು ಅಣ್ಣಾ. ಮನೇಲಿರೋ ಮಾತ್ರೆ ಎಲ್ಲಾ ಕವರಿಗೆ ಹಾಕ್ಕೊಳ್ಳಿ, ಖಾಲಿ ಶೀಟೂ ಸೇರಿ."

ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಸಿಸ್ಟರ್ ಆ ಶೀಟುಗಳನ್ನು ಹಾಸಿಗೆ ಮೇಲೆ ಒಂದೊಂದಾಗಿ ಹರಡಿದರು. ದಪ್ಪಕ್ಷರದ ಹೆಸರು ಬಿಟ್ಟು, ಹಿಂದೆ ಇರುವೆ ಸಾಲಿನಂತಿದ್ದ ಸಣ್ಣಕ್ಷರ ಓದಿದರು. ಎರಡು ಶೀಟಿನ ಮೇಲೆ ಉಗುರಿಟ್ಟು ತೋರಿಸಿದರು. ಹಸಿರಿನದರಲ್ಲೂ ಶುಗರ್ ಇಳಿಸುವ ಗ್ಲಿಮೆಪಿರೈಡ್ 2 ಎಂಜಿ, ಕೆಂಪಿನದರಲ್ಲೂ ಅದೇ! ಆಂಟಿಬಯೋಟಿಕ್ ತರುವಾಗ ಅಂಗಡಿಯಲ್ಲಿ ಶುಗರ್ ಮಾತ್ರೆ ಹಳೇ ಕಂಪನಿಯದು ಇಲ್ಲ ಅಂತ ಬೇರೆಯದು ಕೊಟ್ಟಿದ್ದರು. ಅಪ್ಪ ಅದೂ ಒಂದು ಹೊಸ ಮಾತ್ರೆ ಅಂದುಕೊಂಡು ಎರಡನ್ನೂ ನುಂಗಿದ್ದಾರೆ. ಅದರ ಜೊತೆ ಈ ಸಲ್ಫಾ. ಲಿವರ್ ಗ್ಲಿಮೆಪಿರೈಡನ್ನು ಬೇಗ ಕರಗಿಸದ ಹಾಗೆ ಅದು ಅಡ್ಡ ನಿಲ್ಲುತ್ತದಂತೆ. ಮೇಲೆ ಖಾಲಿ ಹೊಟ್ಟೆ ಬೇರೆ.

ಮಧ್ಯಾಹ್ನ ಮತ್ತೆ 48ಕ್ಕೆ ಇಳಿಯಿತು. ಅಪ್ಪ ಆಗ ಪಕ್ಕದ ಬೆಡ್ಡಿನವರ ಹತ್ತಿರ ಮಳೆ ವಿಷಯ ಮಾತಾಡುತ್ತಿದ್ದರು! ಗಂಟೆಗೊಮ್ಮೆ ಚುಚ್ಚಿ ನೋಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಬೆಳಿಗ್ಗೆಯೇ ಮನೆಗೆ ಕರ್ಕೊಂಡು ಹೋಗೋಣ ಅಂದಿದ್ದವನು ನಾನೇ ಅಲ್ವಾ. ಅಪ್ಪ ಜಗಳ ಆಡಿದರೂ ಡಾಕ್ಟರಮ್ಮ ಎರಡು ರಾತ್ರಿ ಬಿಡಲಿಲ್ಲ.

ಡಾಕ್ಟರಮ್ಮ, ಸಿಸ್ಟರ್, ನಿಮಗೆ ಕೈ ಮುಗಿದೆ. ಪಕ್ಕದ ಮನೆ ಅಕ್ಕ, ನೀವು ಒಂದು ಹೊತ್ತೂ ತಪ್ಪಿಸದೆ ಸೊಪ್ಪು ಹಾಕಿದ್ದಕ್ಕೇ ನಿನ್ನೆ ಮಾರೋಕೆ ಗೂಡು ಇದ್ದದ್ದು. ಆಂಬುಲೆನ್ಸ್ ತಮ್ಮಾ, ನಿನ್ನ ಹೆಸರು ಕೇಳೋಕೂ ಆಗಲಿಲ್ಲ. ಗೂಡಿನ ದುಡ್ಡಲ್ಲಿ ಒಂದು ಕೇಜಿ ಮೈಸೂರು ಪಾಕ್ ತಂದಿಟ್ಟಿದ್ದೇವೆ. ಅಪ್ಪನಿಗೆ ಕೊಡೋ ಹಾಗಿಲ್ಲ. ಈ ಕಡೆ ಬಂದಾಗ ಮನೆ ಹತ್ತಿರ ಬಾ.